ಹನ್ನೊಂದು ಸೆಕೆಂಡಿನ ಬೆನ್ನು

ಮಾರ್ಚ್ 3, ಸೋಮವಾರ

ವಾರಪತ್ರಿಕೆಯಲ್ಲಿ ನನ್ನ ಬೆನ್ನು ಬಂದಿದೆ. ಎರಡು ಪುಟದ ತುಂಬ. ಮಧ್ಯದ ಪಿನ್ನು ಸರಿಯಾಗಿ ಬೆನ್ನುಮೂಳೆಯ ಮೇಲೆ ಕೂತಿದೆ. ಕೆಳಗೆ ವಿಮರ್ಶಕ ಬರೆದಿದ್ದಾನೆ: "ಸೋಲೋದ ತುತ್ತತುದಿಯಲ್ಲಿ ಆತ ಸಭೆಗೆ ಬೆನ್ನು ತಿರುಗಿಸುತ್ತಾನೆ. ಅದು ಅಹಂಕಾರವಲ್ಲ, ಕಲಾವಿದನೊಬ್ಬ ತನ್ನ ಏಕಾಂತದೊಳಗೆ ನಡೆದುಹೋಗುವ ಕ್ಷಣ." ಮೂರು ಸಲ ಓದಿದೆ. ಸೋಲೋ ಅಂದರೆ ಉಳಿದವರೆಲ್ಲ ಹಿಂದೆ ಸರಿದು ನನ್ನ ಗಿಟಾರಿಗೆ ದಾರಿ ಬಿಡುವ ಭಾಗ ಅನ್ನುವುದಾದರೂ ಈ ಜನಕ್ಕೆ ಗೊತ್ತಾಯಿತಲ್ಲ, ಅಷ್ಟೇ ಸಮಾಧಾನ.

ಹೆಂಡತಿಗೆ ತೋರಿಸಿದೆ. ಕನ್ನಡಕ ಹುಡುಕಿ ಹಾಕಿಕೊಂಡು ಎರಡು ನಿಮಿಷ ನೋಡಿದಳು.

"ಷರ್ಟಿನ ಹಿಂದುಗಡೆ ಇಸ್ತ್ರಿನೇ ಆಗಿಲ್ವಲ್ರೀ" ಅಂದಳು.

ಜೊತೆಗೆ ನನ್ನ ಸಂದರ್ಶನವೂ ಇದೆ. ಏಪ್ರಿಲ್ ಹನ್ನೆರಡಕ್ಕೆ ನಮ್ಮ ತಂಡಕ್ಕೆ ಇಪ್ಪತ್ತೈದು ವರ್ಷ. ನಾಲ್ಕು ಸಾವಿರ ಜನ ಹಿಡಿಸುವ ಸಭಾಂಗಣ, ಪೂರ್ತಿ ಕಾರ್ಯಕ್ರಮದ ಚಿತ್ರೀಕರಣ. ಅದರ ಬಗ್ಗೆಯೇ ಎಲ್ಲ ಪ್ರಶ್ನೆಗಳು. ಕೊನೆಯಲ್ಲಿ ಒಂದು ಬೇಡದ ಪ್ರಶ್ನೆ: "ತಂಡದ ಎರಡನೇ ಗಿಟಾರ್ ವಾದಕರ ಕೊಡುಗೆ ಏನು?" ನಾನು ಚುಟುಕಾಗಿ ಹೇಳಿದ್ದೇನೆ: "ಅವನು ನನ್ನ ಹೆಂಡತಿಯ ತಮ್ಮ." ಓದುವಾಗ ನನಗೇ ನಗು ಬಂತು. ಮಾತು ಕಡಿಮೆ ಇದ್ದಷ್ಟೂ ತೂಕ ಹೆಚ್ಚು.

ಮಾರ್ಚ್ 5, ಬುಧವಾರ

ಇವತ್ತಿನ ಅಭ್ಯಾಸಕ್ಕೆ ಬಾಮೈದ ಬರಲಿಲ್ಲ. ಇಪ್ಪತ್ತೈದು ವರ್ಷದಲ್ಲಿ ಇದೇ ಮೊದಲು. ತನ್ನ ಮದುವೆಯ ದಿನವೂ ಬಂದಿದ್ದ ಪ್ರಾಣಿ ಅದು. ನಾನೇ ದೊಡ್ಡ ಮನಸ್ಸು ಮಾಡಿ ಒಂದು ಗಂಟೆ ಮುಂಚೆ ಕಳಿಸಿಕೊಟ್ಟಿದ್ದೆ.

ಟೈರ್ ಗೋದಾಮಿನ ಹಿಂದಿನ ಕೋಣೆಯಲ್ಲಿ ನಮ್ಮ ಅಭ್ಯಾಸ. ಸದ್ದು ಹೊರಗೆ ಹೋಗದಿರಲೆಂದು ಗೋಡೆಗೆಲ್ಲ ಹಳೆಯ ಹಾಸಿಗೆ ಹೊಡೆದಿದ್ದೇವೆ. ಡ್ರಮ್ ಬಾರಿಸುವವನನ್ನು ಎಲ್ಲರೂ ಸಿಡಿಲು ಅನ್ನುತ್ತಾರೆ. ಸಿಡಿಲಿಗೆ ಈಗ ಅರವತ್ತೊಂದು, ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡೇ ಗುಡುಗುತ್ತಾನೆ. ಅವನೂ ನಾನೂ ಮುಕ್ಕಾಲು ಗಂಟೆ ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂತೆವು. ಕೊನೆಗೆ ಫೋನ್ ಮಾಡಿದೆ.

"ಏನಾಯ್ತೋ? ಹುಷಾರಿಲ್ವಾ?"

"ಹುಷಾರಾಗೇ ಇದೀನಿ ಭಾವ."

"ಮತ್ತೆ?"

"ನಾನು ನಿಮ್ಮ ಹೆಂಡತಿ ತಮ್ಮ ತಾನೆ? ಊಟಕ್ಕೆ ಕರೀರಿ, ಬರ್ತೀನಿ. ಗಿಟಾರ್ ಬಾರಿಸೋಕೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ."

ಇಟ್ಟೇಬಿಟ್ಟ. ನಾನೇನು ಸುಳ್ಳು ಹೇಳಿದ್ದೇನೆಯೇ? ಅವನು ನನ್ನ ಹೆಂಡತಿಯ ತಮ್ಮ ಅಲ್ಲವೇ? ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದೆಯುವ ಜನ.

ಮಾರ್ಚ್ 6, ಗುರುವಾರ

ಈ ವಿಷಯವನ್ನು ಒಂದೇ ಒಂದು ಸಲ ಬರೆಯುತ್ತೇನೆ. ಈ ಡೈರಿ ಬೀರುವಿನಲ್ಲಿ ಕಾಲುಚೀಲದ ಕೆಳಗೆ ಇರುತ್ತದೆ, ಕೀಲಿ ನನ್ನ ಹತ್ತಿರ ಇರುತ್ತದೆ.

ನಮ್ಮನ್ನು ಎತ್ತಿ ನಿಲ್ಲಿಸಿದ ಹಾಡು "ಬೆಂಕಿಗೆ ರಜೆ". ಅದರ ಸೋಲೋವನ್ನು ರೆಕಾರ್ಡಿಂಗಿನಲ್ಲಿ ನಾನು ಏಳು ಸಲ ನುಡಿಸಿದೆ. ಒಂದೂ ಪೂರ್ತಿ ಸರಿಬರಲಿಲ್ಲ. ಆಗ ರೆಕಾರ್ಡಿಂಗ್ ಮಾಡುವ ಯಜಮಾನರು ಬ್ಲೇಡಿನಿಂದ ಟೇಪು ಕತ್ತರಿಸಿ, ಮೂರನೆಯದರ ತಲೆಗೆ ಆರನೆಯದರ ಬಾಲ ಅಂಟಿಸಿದರು. ಕೇಳಲು ಅದ್ಭುತ. ನುಡಿಸಲು ಮಾತ್ರ ಮನುಷ್ಯಮಾತ್ರರಿಂದ ಆಗದು. ತಲೆಯ ಭಾಗ ಮುಗಿಯುವುದು ಗಿಟಾರಿನ ಕತ್ತಿನ ಆ ತುದಿಯಲ್ಲಿ, ಬಾಲ ಶುರುವಾಗುವುದು ಹೊಟ್ಟೆಯ ಹತ್ತಿರ. ಮಧ್ಯೆ ಕಣ್ಣು ಮಿಟುಕಿಸುವಷ್ಟೂ ಬಿಡುವಿಲ್ಲ. ಕೈ ಅಲ್ಲಿಂದ ಇಲ್ಲಿಗೆ ಬರುವಷ್ಟರಲ್ಲಿ ಹಾಡು ಮುಂದಿನ ಬೀದಿಗೆ ಹೋಗಿರುತ್ತದೆ.

ಮೊದಲ ಕಾರ್ಯಕ್ರಮದಲ್ಲಿ ಆ ಜಾಗ ಬಂದಾಗ ನನ್ನ ಕೈ ಅರ್ಧ ದಾರಿಯಲ್ಲೇ ಉಳಿಯಿತು. ಮುಖ ಮುಚ್ಚಿಕೊಳ್ಳಲು ಸಭೆಗೆ ಬೆನ್ನು ತಿರುಗಿಸಿದೆ. ಡ್ರಮ್ಮಿನ ಪಕ್ಕ ಕತ್ತಲಲ್ಲಿ ನಿಂತಿದ್ದ ಬಾಮೈದ ಬಾಲವನ್ನು ತಾನೇ ನುಡಿಸಿ ಮುಗಿಸಿದ. ಅವನ ಕೈ ಮೊದಲೇ ಅಲ್ಲಿತ್ತು, ಜಿಗಿಯಬೇಕಾಗಿರಲಿಲ್ಲ. ಜನ ಕುರ್ಚಿ ಹತ್ತಿ ಕೂಗಿದರು. ಮುಂದಿನ ಊರಿನಲ್ಲೂ ಹಾಗೇ ಮಾಡಿದೆವು. ನನ್ನ ಶೈಲಿ ಹುಟ್ಟಿದ್ದು ಹೀಗೆ. ಬೆನ್ನು ಹನ್ನೊಂದು ಸೆಕೆಂಡು, ಆಮೇಲೆ ತಿರುಗಿ ಕೂದಲು ಕೊಡವುವುದು.

ಯಜಮಾನರು ತೀರಿಕೊಂಡರು. ಸಿಡಿಲಿಗೆ ಗೊತ್ತಿರಬೇಕು, ಆದರೆ ಡ್ರಮ್ ಬಿಟ್ಟು ಬೇರೆ ವಾದ್ಯ ಇದೆಯೆಂದು ಅವನು ಒಪ್ಪಿಕೊಂಡವನೇ ಅಲ್ಲ. ಉಳಿದದ್ದು ಬಾಮೈದ. ಅವನು ಇಷ್ಟು ವರ್ಷ ಬಾಯಿ ಬಿಟ್ಟಿಲ್ಲ. ಅದಕ್ಕೇ ಅವನ ವಿಷಯ ಮರೆತುಹೋಗಿತ್ತು.

ಮಾರ್ಚ್ 10, ಸೋಮವಾರ

ಬಾಮೈದನ ಜಾಗಕ್ಕೆ ಮೂವರನ್ನು ಕರೆಸಿ ನೋಡಿದೆ. ಮೊದಲನೆಯವನು ತನ್ನ ಗಿಟಾರಿಗಿಂತ ದೊಡ್ಡ ಬೂಟು ಹಾಕಿಕೊಂಡು ಬಂದಿದ್ದ. ಎರಡನೆಯವಳು ಚೆನ್ನಾಗಿಯೇ ನುಡಿಸಿದಳು, ಆದರೆ ನನ್ನ ಹಳೆಯ ರೆಕಾರ್ಡುಗಳನ್ನು ಅಪ್ಪ ಕೇಳುತ್ತಿದ್ದರು ಅಂದಳು. ಕಳಿಸಿಬಿಟ್ಟೆ. ಮೂರನೆಯವನಿಗೆ ನನ್ನ ಚರಿತ್ರೆಯೆಲ್ಲ ಬಾಯಿಪಾಠ. ಅವನನ್ನೇ ಇಟ್ಟುಕೊಂಡು, ಮೆಲ್ಲಗೆ ಬಾಲದ ವಿಷಯಕ್ಕೆ ಬಂದೆ.

"ನೀನು ಈ ಭಾಗಾನೂ ಕಲಿತಿರಬೇಕಪ್ಪ."

"ಅದು ನೀವು ನುಡಿಸೋದಲ್ವಾ ಸರ್?"

"ನಾನೇ. ಸುಮ್ನೆ, ಗೊತ್ತಿರಲಿ ಅಂತ."

"ಬೇಡ ಸರ್" ಅಂದು ಕಿವಿ ಹಿಡಿದುಕೊಂಡ. "ಅದನ್ನ ಮುಟ್ಟೋ ಯೋಗ್ಯತೆ ನನಗಿಲ್ಲ."

ಭಕ್ತರನ್ನು ಕಟ್ಟಿಕೊಂಡರೆ ಇದೇ ಹಣೆಬರಹ.

ಮಾರ್ಚ್ 11, ಮಂಗಳವಾರ

ನಾನೇ ನುಡಿಸುತ್ತೇನೆ. ಏನು ಮಹಾ.

ಮಾರ್ಚ್ 15, ಶನಿವಾರ

ನಾಲ್ಕು ದಿನದಿಂದ ಮೇಲಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಜಿಗಿಯುತ್ತಿದ್ದೇನೆ. ಮಣಿಕಟ್ಟು ಊದಿದೆ. ಹತ್ತರಲ್ಲಿ ಒಂಬತ್ತು ಸಲ ಕೈ ತಡವಾಗಿ ಬಂತು. ಹತ್ತನೆಯ ಸಲ ಬೇಗ ಬಂದು ಕಿಟಕಿಯ ಗಾಜಿಗೆ ಬಡಿಯಿತು.

ಹೆಂಡತಿ ಬಿಸಿನೀರಿನ ಚೀಲ ತಂದುಕೊಟ್ಟು ಬಾಗಿಲಲ್ಲೇ ನಿಂತಳು.

"ಅವನ ಹತ್ರ ಹೋಗಿ ಒಂದು ಮಾತಾಡಿ ಬನ್ನಿ. ನಿಮ್ಮ ಗಂಟೇನು ಹೋಗುತ್ತೆ?"

"ಯಾತಕ್ಕೆ?"

"ಆ ಹನ್ನೊಂದು ಸೆಕೆಂಡು ನೀವು ನುಡಿಸಲ್ಲ ಅಂತ ನನಗೆ ಗೊತ್ತಿಲ್ವಾ? ಅವನು ಪಕ್ಕದ ಕೋಣೆಯಲ್ಲಿ ಬಾರಿಸೋದು ಕೇಳ್ಕೊಂಡು ಬೆಳೆದವಳು ನಾನು. ನಮ್ಮಮ್ಮನಿಗೂ ಗೊತ್ತು."

ಅತ್ತೆಗೂ ಗೊತ್ತು! ಇಪ್ಪತ್ತೈದು ವರ್ಷದಿಂದ ನನಗೆ ಬಡಿಸುವಾಗ ಆ ಮುದುಕಿ ಒಂದು ಥರ ನಗುವುದು ಪ್ರೀತಿಯಿಂದ ಅಂದುಕೊಂಡಿದ್ದೆ.

ಮಾರ್ಚ್ 18, ಮಂಗಳವಾರ

ಮ್ಯಾನೇಜರ್ ಬಂದಿದ್ದ. ಖುಷಿಯಿಂದ ಕುಣಿಯುತ್ತಿದ್ದ. ಚಿತ್ರೀಕರಣಕ್ಕೆ ಎಂಟು ಕ್ಯಾಮೆರಾ, ಅದರಲ್ಲಿ ಒಂದು ವೇದಿಕೆಯ ಹಿಂದೆ.

"ಹಿಂದೆ ಯಾಕೆ?" ಅಂದೆ.

"ಸರ್, ಇಷ್ಟು ವರ್ಷ ಜನ ನಿಮ್ಮ ಬೆನ್ನು ನೋಡಿದಾರೆ. ಬೆನ್ನು ತಿರುಗಿಸಿದಾಗ ನಿಮ್ಮ ಬೆರಳು ಏನು ಮಾಡುತ್ತೆ ಅಂತ ಈ ಸಲ ಪ್ರಪಂಚಕ್ಕೇ ತೋರಿಸೋಣ."

ಕಾಫಿ ಲೋಟ ಕೆಳಗಿಟ್ಟೆ. ಆ ಹೊತ್ತಿನಲ್ಲಿ ನನ್ನ ಬೆರಳು ಮಾಡುವುದು ಒಂದರಿಂದ ಹನ್ನೊಂದು ಎಣಿಸುವುದು. ಹೊಸಬ ಬಾಲ ನುಡಿಸುವುದಿಲ್ಲ, ನನಗೆ ಬರುವುದಿಲ್ಲ, ಬರುವವನು ಬರುವುದಿಲ್ಲ. ನಾಲ್ಕು ಸಾವಿರ ಜನರೆದುರು ಹನ್ನೊಂದು ಸೆಕೆಂಡಿನ ಮೌನ, ಅದೂ ಹಿಂದಿನಿಂದ ಹತ್ತಿರದ ಚಿತ್ರ. ನನ್ನ ಇಪ್ಪತ್ತೈದು ವರ್ಷ ಒಂದೇ ಸಂಜೆಯಲ್ಲಿ ಮಣ್ಣುಪಾಲು.

ಮಾರ್ಚ್ 21, ಶುಕ್ರವಾರ

ಅಟ್ಟದಿಂದ ಹಳೆಯ ಕಾರ್ಯಕ್ರಮಗಳ ಕ್ಯಾಸೆಟ್ಟು ಇಳಿಸಿದೆ. ಸೌಂಡಿನವನು ಪ್ರತಿ ಸಲ ಒಂದು ಪ್ರತಿ ಕೊಡುತ್ತಿದ್ದ, ನಾನು ಬಿಚ್ಚಿಯೂ ನೋಡಿರಲಿಲ್ಲ. ನನ್ನದನ್ನು ನಾನೇ ಕೇಳುವುದೇನಿದೆ? ಬಾಮೈದ ಬಾಲವನ್ನು ಯಾವ ಬೆರಳಿನಲ್ಲಿ ಎತ್ತಿಕೊಳ್ಳುತ್ತಾನೆ, ಅಷ್ಟು ಗೊತ್ತಾದರೆ ಸಾಕಿತ್ತು.

ಮೊದಲ ಕ್ಯಾಸೆಟ್ಟು ಕೇಳಿ ಬರೆದುಕೊಂಡೆ. ಎರಡನೆಯದು ಹಾಕಿದೆ, ಹೊಂದಲಿಲ್ಲ. ತಪ್ಪು ಬರೆದೆನೇನೋ ಎಂದು ತಿರುಗಿಸಿ ಹಾಕಿದೆ. ಮೂರನೆಯದು ಇನ್ನೊಂದು ಥರ. ನಾಲ್ಕನೆಯದರಲ್ಲಿ ಅವನು ಅರ್ಧ ದಾರಿಗೇ ನಿಲ್ಲಿಸಿ, ಒಂದೇ ಸ್ವರವನ್ನು ಕೊನೆಯವರೆಗೂ ಎಳೆದಿದ್ದಾನೆ. ಒಂದರಲ್ಲಿ ಯಾರನ್ನೋ ಬೈಯುತ್ತಿರುವ ಹಾಗಿದೆ. ಬಹುಶಃ ನನ್ನನ್ನೇ.

ಮೂವತ್ತೊಂದು ಕ್ಯಾಸೆಟ್ಟು, ಮೂವತ್ತೊಂದು ಬಾಲ. "ಒಮ್ಮೆ ನುಡಿಸಿದ್ದನ್ನು ಇನ್ನೊಮ್ಮೆ ನುಡಿಸದ ಪ್ರತಿಭೆ" ಎಂದು ವಿಮರ್ಶಕರು ನನ್ನ ಬಗ್ಗೆ ಬರೆಯುತ್ತಿದ್ದರು. ಬಾಯಿಗೆ ಬಂದದ್ದು ಹೊಗಳುತ್ತಾರೆ ಅಂದುಕೊಂಡಿದ್ದೆ. ನಿಜವನ್ನೇ ಬರೆದಿದ್ದರು, ಹೆಸರು ಮಾತ್ರ ತಪ್ಪಿತ್ತು. ಅವನಿಂದ ಎರಡು ಗಜ ದೂರದಲ್ಲಿ ನಿಂತಿದ್ದ ನನಗೆ ಇದು ಕೇಳಿಸಿರಲಿಲ್ಲ, ಎಣಿಸುತ್ತಿದ್ದೆನಲ್ಲ.

ಊಟಕ್ಕೆ ಕರೆದರು. ಹದಿನೇಳನೆಯದನ್ನು ಇನ್ನೊಮ್ಮೆ ಕೇಳಿ ಹೋದೆ.

ಮಾರ್ಚ್ 24, ಸೋಮವಾರ

ಬಾಮೈದನ ಅಂಗಡಿಗೆ ಹೋದೆ. ಬೇಡಿಕೊಳ್ಳಲು ಅಲ್ಲ. ಆ ಕಡೆ ಕೆಲಸವಿತ್ತು.

ಹಗಲು ಹೊತ್ತು ಅವನದು ಹೊಲಿಗೆ ಯಂತ್ರ ರಿಪೇರಿ. ಉದ್ದನೆಯ ಕಿರಿದಾದ ಅಂಗಡಿ, ಎರಡೂ ಕಡೆ ಬಿಚ್ಚಿ ಹರಡಿದ ಯಂತ್ರಗಳು, ಎಣ್ಣೆಯ ವಾಸನೆ. ಒಂದು ಯಂತ್ರವನ್ನು ಮಗುಚಿಹಾಕಿ, ಅದರ ಹೊಟ್ಟೆಯಿಂದ ಚಿಮಟದಲ್ಲಿ ದಾರದ ಚೂರು ಎಳೆಯುತ್ತಿದ್ದ. ನನ್ನನ್ನು ನೋಡಿ ಎದ್ದುನಿಂತು, ಸ್ಟೂಲನ್ನು ಬಟ್ಟೆಯಿಂದ ಒರೆಸಿ ಕೊಟ್ಟ. ಕೋಪದಲ್ಲೂ ಮರ್ಯಾದೆ ತಪ್ಪದವನ ಜೊತೆ ಜಗಳವಾಡುವುದು ಬಹಳ ಕಷ್ಟ.

"ಹಳೇ ಕ್ಯಾಸೆಟ್ಟು ಕೇಳಿದೆ ಕಣೋ" ಅಂದೆ.

ಅವನ ಚಿಮಟ ನಿಂತಿತು. "ಯಾವುದು?"

"ಎಲ್ಲ. ಹದಿನೇಳನೇದು ಎರಡು ಸಲ. ಅದರಲ್ಲಿ ಮೊದಲು ಸ್ವಲ್ಪ ಹೊತ್ತು ಸುಮ್ಮನಿದ್ದುಬಿಡ್ತೀಯಲ್ಲ, ಅದು."

"ಅವತ್ತು ನನ್ನ ಮಗಳು ಹುಟ್ಟಿದ್ದಳು ಭಾವ. ಸ್ಟೇಜ್ ಹತ್ತೋಕೆ ಮುಂಚೆ ಸುದ್ದಿ ಬಂತು. ಇಳಿದ ತಕ್ಷಣ ನಿಮಗೆ ಹೇಳೋಣ ಅಂತ ಓಡಿಬಂದೆ. ನೀವು, ಕೊನೇಲಿ ಕೂದಲು ಸರಿಯಾಗಿ ಬಿತ್ತೇನೋ, ಅಂತ ಕೇಳಿದ್ರಿ."

"ಏನಂದೆ ನೀನು?"

"ಚೆನ್ನಾಗಿ ಬಿತ್ತು ಭಾವ, ಅಂದೆ."

ಅಲ್ಲಿ ಕೂರಲಾಗಲಿಲ್ಲ, ಏಳಲೂ ಆಗಲಿಲ್ಲ. ಸಂಬಳ, ಹೆಸರು, ಪೋಸ್ಟರಿನಲ್ಲಿ ಫೋಟೋ, ಏನು ಬೇಕೋ ಕೇಳು ಅಂದೆ. ತಲೆ ಅಲ್ಲಾಡಿಸಿದ.

"ಅದೇನೂ ಬೇಡ. ಬರ್ತೀನಿ. ನಾನು ನುಡಿಸುವಾಗ ನೀವು ಬೆನ್ನು ತಿರುಗಿಸಬಾರದು, ಅಷ್ಟೇ."

"ತಿರುಗಿಸದೆ ಇದ್ದರೆ ಎಲ್ಲರಿಗೂ ಗೊತ್ತಾಗಿಬಿಡುತ್ತಲ್ಲೋ!"

"ಹೂಂ" ಅಂದ ಅವನು, ಮತ್ತೆ ಚಿಮಟ ಹಿಡಿದುಕೊಂಡು.

ಮಾರ್ಚ್ 25, ಮಂಗಳವಾರ

ಸಾಧ್ಯವೇ ಇಲ್ಲ. ತಲೆಯ ಮೇಲೆ ಕೂರಿಸಿಕೊಂಡರೆ ಕಿವಿ ಕಚ್ಚುವ ಬುದ್ಧಿ. ಊಟ ಮಾಡಲಿಲ್ಲ. ಹೆಂಡತಿ ಯಾಕೆಂದು ಕೇಳಲೂ ಇಲ್ಲ.

ಏಪ್ರಿಲ್ 2, ಬುಧವಾರ

ಉಪಾಯ ಹೊಳೆಯಿತು: ಹೊಗೆ. ಸೋಲೋದ ಹೊತ್ತಿಗೆ ಯಂತ್ರದಿಂದ ಹೊಗೆ ಬಿಡುವುದು, ಆ ಮರೆಯಲ್ಲಿ ಹಳೆಯ ಕ್ಯಾಸೆಟ್ಟಿನ ತುಂಡು ಹಾಕುವುದು. ಗೋದಾಮಿನಲ್ಲಿ ಪರೀಕ್ಷೆ ಮಾಡಿದೆವು. ಸಿಡಿಲು ಕೆಮ್ಮಿ ಕೆಮ್ಮಿ ಅವನ ಸೊಂಟದ ಪಟ್ಟಿ ಬಿಚ್ಚಿಕೊಂಡಿತು. ಟೈರಿಗೆ ಬೆಂಕಿ ಬಿತ್ತೆಂದು ಕಾವಲುಗಾರ ಒಂದು ಬಕೆಟ್ ನೀರನ್ನು ನನ್ನ ಮೇಲೇ ಎರಚಿದ.

ಅದು ಹಾಗಿರಲಿ. ಕ್ಯಾಸೆಟ್ಟಿನ ತುಂಡು ಯಾವುದಿರಲಿ ಎಂದು ಆರಿಸಲು ಕೂತರೆ ಆರಿಸಲಾಗುತ್ತಿಲ್ಲ. ಹದಿನೇಳನೆಯದು ಅವನ ಮಗಳದು. ಇಪ್ಪತ್ತೆರಡನೆಯದು ಮಾವ ತೀರಿಕೊಂಡ ವಾರದ್ದು, ಈಗ ತಾರೀಖು ನೋಡಿದ ಮೇಲೆ ತಿಳಿಯಿತು. ಒಬ್ಬರ ಮನೆಯ ಕಾಗದ ಒಡೆದು ಇನ್ನೊಬ್ಬರ ಮದುವೆಯಲ್ಲಿ ಓದಿದ ಹಾಗಾಗುತ್ತದೆ. ಹೊಸಬ ಎಲ್ಲವನ್ನೂ ಸರಿಯಾಗಿ ನುಡಿಸುತ್ತಾನೆ, ಆದರೆ ಪಕ್ಕದಲ್ಲಿ ಯಾರೂ ಇದ್ದ ಹಾಗೇ ಅನಿಸುವುದಿಲ್ಲ. ಅವನನ್ನು ಸುಮ್ಮಸುಮ್ಮನೆ ಬೈದೆ.

ಏಪ್ರಿಲ್ 7, ಸೋಮವಾರ

ಫೋನ್ ಮಾಡಿ "ಬಾರೋ" ಅಂದೆ. "ತಿರುಗಲ್ಲ ತಾನೆ?" ಅಂದ. "ಇಲ್ಲ ಮಾರಾಯ" ಅಂದೆ. ಬೇರೆ ದಾರಿ ಇರಲಿಲ್ಲ ಅಂತ ಒಪ್ಪಿಕೊಂಡೆ, ಅಷ್ಟೇ.

ಏಪ್ರಿಲ್ 12, ಶನಿವಾರ, ಬೆಳಿಗ್ಗೆ

ಇವತ್ತು ಸಂಜೆ ಏಳೂಕಾಲರ ಸುಮಾರಿಗೆ ನಾನು ಮುಗಿಯುತ್ತೇನೆ. ಬೆಳಕಿನವನಿಗೆ ಹೇಳಿದ್ದೇನೆ, ಆ ಹನ್ನೊಂದು ಸೆಕೆಂಡು ದೀಪ ಬಾಮೈದನ ಮೇಲಿರಲಿ ಎಂದು. ಹೆಂಡತಿ ಷರ್ಟಿಗೆ ಹಿಂದೆ ಮುಂದೆ ಎರಡೂ ಕಡೆ ಇಸ್ತ್ರಿ ಹಾಕಿಟ್ಟಿದ್ದಾಳೆ.

ಏಪ್ರಿಲ್ 13, ಭಾನುವಾರ

ತಲೆಯ ಭಾಗ ಮುಗಿಯಿತು. ಬಲಗಾಲು ತಾನೇ ತಾನಾಗಿ ತಿರುಗಲು ಹೊರಟಿತು. ಹಿಡಿದು ನಿಲ್ಲಿಸಿದೆ. ಎರಡೂ ಕೈ ಗಿಟಾರಿನಿಂದ ತೆಗೆದು, ಎಲ್ಲರಿಗೂ ಕಾಣುವ ಹಾಗೆ ಮೇಲೆತ್ತಿದೆ. ಆಮೇಲೆ ಕತ್ತು ಮಾತ್ರ ಹೊರಳಿಸಿ, ಬೆರಳು ಮಾಡಿ ಬಾಮೈದನನ್ನು ತೋರಿಸಿದೆ. ಬೆಳಕಿನವನು ಹೇಳಿದ್ದೆಲ್ಲ ಮರೆತು ದೀಪವನ್ನು ನನ್ನ ಮೇಲೇ ಇಟ್ಟಿದ್ದ. ಕತ್ತಲಲ್ಲಿ ಬಾಮೈದನ ಹಣೆ ಮಾತ್ರ ಸ್ವಲ್ಪ ಹೊಳೆಯುತ್ತಿತ್ತು.

ಅವನು ನನ್ನ ಕಡೆ ನೋಡಿಕೊಂಡೇ ನುಡಿಸಿದ. ಮೊದಲು ಏನೂ ಇಲ್ಲ. ಆಮೇಲೆ ಮೂರು ಸ್ವರ, ಕದ ತಟ್ಟಿ ಕಾಯುವವರ ಹಾಗೆ. ಆಮೇಲೆ ಒಳಗೆ ಬಂದ. ಎಷ್ಟು ಹೊತ್ತು ನುಡಿಸಿದನೋ ಗೊತ್ತಿಲ್ಲ, ಎಣಿಸಲು ಮರೆತುಹೋಯಿತು. ಮುಗಿದ ಮೇಲೂ ನಾನು ಕೈಯೆತ್ತಿಕೊಂಡೇ ನಿಂತಿದ್ದೆನಂತೆ. ಸಿಡಿಲು ಕಡ್ಡಿಯಿಂದ ನನ್ನ ಬೆನ್ನಿಗೆ ತಿವಿದ ಮೇಲೆ ಎಚ್ಚರವಾಯಿತು. ಕಣ್ಣು ಒದ್ದೆಯಾಗಿತ್ತು. ದೀಪದ ಬಿಸಿಗೆ ಹಾಗಾಗುತ್ತದೆ.

ಜನ ಸಭಾಂಗಣ ಹಾರಿಹೋಗುವ ಹಾಗೆ ಕೂಗಿದರು. ಮುಗಿಯಿತು, ಎಲ್ಲರಿಗೂ ತಿಳಿಯಿತು. ವಿಚಿತ್ರವೆಂದರೆ ಹಸಿವಾಯಿತು, ಚೆನ್ನಾಗಿ ಊಟ ಮಾಡಿದೆ.

ಏಪ್ರಿಲ್ 14, ಸೋಮವಾರ

ದಿನಪತ್ರಿಕೆಯನ್ನು ಹೆಂಡತಿ ಗಟ್ಟಿಯಾಗಿ ಓದಿದಳು. ಬರೆದವನು ವಾರಪತ್ರಿಕೆಯ ಅದೇ ವಿಮರ್ಶಕ.

"ಕೈಯೆತ್ತಿದ. ತಂತಿ ಮುಟ್ಟಲಿಲ್ಲ. ಆದರೂ ಗಿಟಾರ್ ಹಾಡಿತು! ವಾದ್ಯವನ್ನು ಮುಟ್ಟದೆ ನುಡಿಸುವ ಎತ್ತರಕ್ಕೆ ಆತ ಇಂದು ಏರಿದ್ದಾನೆ. ಆ ಹೊತ್ತಿನಲ್ಲಿ ಆತ ಬೆರಳು ತೋರಿಸಿದ್ದು ವೇದಿಕೆಯ ಹಿಂದಿನ ಕತ್ತಲೆಯತ್ತ, ಅಂದರೆ ಮೃತ್ಯುವಿನತ್ತ."

"ಮೃತ್ಯು ಅಂತೆ ನಮ್ಮ ತಮ್ಮ" ಅಂದು ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು.

ನನಗೆ ಮೈಯೆಲ್ಲ ಉರಿದುಹೋಯಿತು. ಇಂಥ ಹೊಗಳಿಕೆಗೆ ಮೈ ಉರಿದದ್ದು ನನ್ನ ಜನ್ಮದಲ್ಲೇ ಮೊದಲು.

ಏಪ್ರಿಲ್ 15, ಮಂಗಳವಾರ

ಸಂಪಾದಕರಿಗೆ ಕಾಗದ ಬರೆದೆ. ಟೇಪು ಕತ್ತರಿಸಿದ್ದು, ಬೆನ್ನು ತಿರುಗಿಸಿದ್ದು, ಮೂವತ್ತೊಂದು ಕ್ಯಾಸೆಟ್ಟು, ಒಂದೂ ಬಿಡದೆ ಎಲ್ಲವನ್ನೂ ಬರೆದೆ. "ಇಪ್ಪತ್ತೈದು ವರ್ಷ ನೀವು ಹೊಗಳಿದ ಆ ಭಾಗವನ್ನು ನುಡಿಸಿದವನು ಅವನು, ನಾನಲ್ಲ" ಎಂಬ ಸಾಲಿಗೆ ಕೆಳಗೆ ಗೆರೆ ಎಳೆದೆ. ನಾನೇ ಹೋಗಿ ಕಚೇರಿಯಲ್ಲಿ ಕೊಟ್ಟು ಬಂದೆ.

ಏಪ್ರಿಲ್ 18, ಶುಕ್ರವಾರ

ಕಾಗದ ಅಚ್ಚಾಗಿದೆ. ನಾಲ್ಕು ಪುಟ ಬರೆದದ್ದರಲ್ಲಿ ಆರು ಸಾಲು ಉಳಿಸಿದ್ದಾರೆ. ಮೇಲೆ ತಲೆಬರಹ: "ದೊಡ್ಡವರ ದೊಡ್ಡತನ". ಕೆಳಗೆ ಸಂಪಾದಕರ ಟಿಪ್ಪಣಿ: ಇಷ್ಟು ಎತ್ತರಕ್ಕೇರಿಯೂ ಬಡ ಸಂಬಂಧಿಕನೊಬ್ಬನಿಗೆ ತನ್ನ ಕೀರ್ತಿಯನ್ನೇ ದಾನ ಮಾಡುವ ಈ ವಿನಯವನ್ನು ಕಿರಿಯರು ಕಲಿಯಬೇಕು. ಮಧ್ಯಾಹ್ನದವರೆಗೆ ಅಭಿನಂದನೆಯ ಫೋನು ಬರುತ್ತಲೇ ಇತ್ತು.

ಕೊನೆಯ ಆಸೆ ಚಿತ್ರೀಕರಣ. ಮ್ಯಾನೇಜರಿಗೆ ಫೋನ್ ಮಾಡಿದೆ. ಆ ಹನ್ನೊಂದು ಸೆಕೆಂಡಿನಲ್ಲಿ ಏಳು ಕ್ಯಾಮೆರಾ ನನ್ನ ಮುಖದ ಮೇಲೆ, ಎಂಟನೆಯದು ಹಿಂದಿನಿಂದ ನನ್ನ ಬೆನ್ನಿನ ಮೇಲೆ.

"ಅವನು ಎಲ್ಲೂ ಇಲ್ವೇನ್ರೀ?"

"ಒಂದು ಕಡೆ ಅವರ ಮೊಣಕೈ ಬಂದಿದೆ ಸರ್. ತೆಗೆಸಿಬಿಡ್ಲಾ?"

ಅವನಿಗೆ ಏನೇನು ಅಂದೆನೋ, ಇಲ್ಲಿ ಬರೆಯುವ ಹಾಗಿಲ್ಲ.

ಏಪ್ರಿಲ್ 19, ಶನಿವಾರ

ಯಾವ ಮುಖ ಹೊತ್ತು ಹೋಗಲಿ ಅನಿಸಿದರೂ ಮಧ್ಯಾಹ್ನ ಅಂಗಡಿಗೆ ಹೋದೆ. ಪತ್ರಿಕೆ ಮೇಜಿನ ಮೇಲೇ ಇತ್ತು. ಅದರ ಮೇಲೆ ಒಂದು ಯಂತ್ರದ ಎಣ್ಣೆ ಮೆತ್ತಿದ ಭಾಗಗಳನ್ನು ಸಾಲಾಗಿ ಜೋಡಿಸಿದ್ದ.

"ನಾನು ಬರೆದದ್ದೇ ಬೇರೆ ಕಣೋ" ಅಂದೆ. "ಒಬ್ಬರೂ ನಂಬ್ತಾ ಇಲ್ಲ. ಇನ್ನೊಂದು ಕಾಗದ ಬರೀತೀನಿ. ಬೇಕಾದರೆ ಬೀದೀಲಿ ನಿಂತು ಕೂಗ್ತೀನಿ."

"ಬಿಡಿ ಭಾವ." ಕೈಯನ್ನು ಬಟ್ಟೆಗೆ ಒರೆಸಿಕೊಂಡ. ಒರೆಸಿದ ಕೈಯನ್ನೇ ಮತ್ತೆ ಒರೆಸಿಕೊಂಡ. ಆಮೇಲೆ ಯಂತ್ರದ ಕಡೆ ನೋಡುತ್ತ ಕೇಳಿದ: "ನೀವು ಕೇಳಿದ್ರಲ್ಲ ಅವತ್ತು. ಹೇಗಿತ್ತು?"

ಚೆನ್ನಾಗಿತ್ತು ಅನ್ನಬೇಕು ಅಂದುಕೊಂಡೆ. ಅದ್ಭುತ ಅನ್ನೋಣ ಅಂದುಕೊಂಡೆ. ಆದರೆ ವಾರದಿಂದ ಪತ್ರಿಕೆಯವರ ಬಾಯಲ್ಲಿ ಅದೇ ಮಾತು ಕೇಳಿ ಕೇಳಿ ನನಗೆ ಅದರ ಮೇಲೆ ಹೇಸಿಗೆ ಬಂದಿತ್ತು.

"ಆ ಮೂರು ಸ್ವರ ಆದಮೇಲೆ" ಅಂದೆ, "ಇಳಿಯೋ ಜಾಗದಲ್ಲಿ ಸ್ವಲ್ಪ ಅವಸರ ಮಾಡಿದೆ."

ಅವನು ತಲೆಯೆತ್ತಿದ. ಬಾಯಿ ಅರ್ಧ ತೆರೆದಿತ್ತು. ಕೆಲಸ ಕೆಟ್ಟಿತು ಅಂದುಕೊಂಡೆ. ನೋಡನೋಡುತ್ತಿದ್ದ ಹಾಗೆ ಅವನ ಕಣ್ಣು ತುಂಬಿಬಂತು, ತುಟಿ ನಗುತ್ತಿತ್ತು.

"ಇಪ್ಪತ್ತೈದು ವರ್ಷ ಆಯ್ತು ಭಾವ" ಅಂದ. "ನನ್ನ ತಪ್ಪು ಹಿಡಿದವರು ಇವತ್ತಿನವರೆಗೆ ಒಬ್ಬರೂ ಇರಲಿಲ್ಲ."

ಎದ್ದು ಹೋಗಿ ಅಂಗಡಿಯ ಬಾಗಿಲು ಅರ್ಧ ಎಳೆದ. ಒಳಗಿನಿಂದ ಗಿಟಾರ್ ತಂದು, ಸ್ಟೂಲನ್ನು ನನ್ನ ಎದುರಿಗೆ ಎಳೆದುಕೊಂಡು ಕೂತ.

"ಎಲ್ಲಿ ಅಂತ ತೋರಿಸಿ."

ತೋರಿಸಿದೆ. ಅದು ಅವಸರವಲ್ಲ, ಬೇಕೆಂದೇ ಮಾಡಿದ್ದು ಅಂದ. ಬೇಕೆಂದು ಮಾಡಿದರೂ ತಪ್ಪು ತಪ್ಪೇ ಅಂದೆ. ನಿಮಗೆ ಕಿವಿ ಇಲ್ಲ ಅಂದ. ಸಂಜೆಯವರೆಗೂ ಜಗಳವಾಡಿದೆವು.